ಜೋಹಾನ್ಸ್‌ಬರ್ಗ್: ಕಾರು ಹತ್ತುವಾಗ, ಇಳಿಯುವಾಗ

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಅಂದ ಕೂಡಲೇ "ಅಲ್ಲಿ ಕಳ್ಳಕಾಕರ ಭಯವಂತೆ, ಹೌದಾ?" ಅಂತ ಕೇಳುತ್ತಾರೆ. ಹೌದು, ಇದೆ. ಆದರೆ ಆ ಭಯಕ್ಕೆ ಒಂದು ಜಾಗ, ಒಂದು ಹೊತ್ತು ಅಂತ ಇದೆ. ಮ್ಯೂಸಿಯಂ ಒಳಗೋ ಹೋಟೆಲಿನ ಊಟದ ಮೇಜಿನಲ್ಲೋ ಪ್ರವಾಸಿಗರು ಸಿಕ್ಕಿಬೀಳುವುದು ಕಡಿಮೆ. ಕಾರು ಹತ್ತುವಾಗ, ಇಳಿಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಎಟಿಎಂ ಮುಂದೆ ಕಾರ್ಡು ಕೈಯಲ್ಲಿದ್ದಾಗ, ಹೆಚ್ಚಾಗಿ ಎಡವಟ್ಟಾಗುವುದು ಆಗಲೇ. ಹಾಗಾಗಿ ನನ್ನ ಮಾತೂ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತದೆ.

ಮೊದಲು ಸೂಟ್‌ಕೇಸು. ನಮ್ಮವರು ಹೊರಡುವುದು ಮಕ್ಕಳ ಬೇಸಿಗೆ ರಜೆಯಲ್ಲಿ. ಏಪ್ರಿಲ್, ಮೇ ಅಂದರೆ ಅಲ್ಲಿ ಚಳಿ ಶುರುವಾಗುವ ಕಾಲ. ಊರು ಸುಮಾರು 1,750 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನ ಹತ್ತಿರ ಹತ್ತಿರ ಎರಡರಷ್ಟು. ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ಸ್ವೆಟರ್ ಸಾಲದು. ಅಲ್ಲಿನ ಎಷ್ಟೋ ಮನೆಗಳಲ್ಲಿ ಕೋಣೆ ಬಿಸಿಮಾಡುವ ವ್ಯವಸ್ಥೆಯೇ ಇಲ್ಲ. ಗಾಳಿ ಒಣಗಿರುವುದರಿಂದ ತುಟಿ ಒಡೆಯುತ್ತದೆ, ವ್ಯಾಸಲೀನ್ ಕೈಚೀಲದಲ್ಲೇ ಇರಲಿ. ಅಡುಗೆ ಮಾಡಿಕೊಳ್ಳುವವರು ಗಮನಿಸಿ: ನೀರು ಅಲ್ಲಿ 94 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಪುಟ್ಟ ಕುಕ್ಕರ್ ಇದ್ದರೆ ಒಳ್ಳೆಯದು.

ಪ್ಲಗ್ ವಿಚಾರದಲ್ಲಿ ನಮಗೊಂದು ಅನುಕೂಲವಿದೆ. ಅಲ್ಲಿ ಸಾಮಾನ್ಯವಾಗಿ ಕಾಣುವ ಸಾಕೆಟ್ಟು ನಮ್ಮ ಗೀಸರಿನ, ಎಸಿಯ ದಪ್ಪ ಮೂರು ಪಿನ್ನಿನದೇ. ವಿಮಾನ ನಿಲ್ದಾಣಗಳಲ್ಲಿ ಮಾರುವ 'ಯೂನಿವರ್ಸಲ್' ಅಡಾಪ್ಟರುಗಳಲ್ಲಿ ಬಹುತೇಕ ಈ ಪಿನ್ನು ಇರುವುದಿಲ್ಲ. ದುಡ್ಡು ಕೊಟ್ಟು ಮೋಸಹೋಗಬೇಡಿ. ಇಲ್ಲೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದೊಡ್ಡ ಸಾಕೆಟ್ಟಿಗೆ ಸಣ್ಣ ಪ್ಲಗ್ ಸಿಕ್ಕಿಸುವ ಕನ್ವರ್ಟರ್ ಕೇಳಿ, ಎರಡು ತೆಗೆದುಕೊಳ್ಳಿ. ವೋಲ್ಟೇಜು ನಮ್ಮದೇ, 230. ಆದರೆ ಆ ಕನ್ವರ್ಟರಿಗೆ ಇಸ್ತ್ರಿಪೆಟ್ಟಿಗೆ, ಕೆಟಲ್ ಹಾಕಬೇಡಿ, ಕಾದು ಕರಗಬಹುದು.

ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವವರು ಅಲ್ಲಿ 12 ಗಂಟೆಗಿಂತ ಹೆಚ್ಚು ಕಾಯಬೇಕಿದ್ದರೆ ಹಳದಿ ಜ್ವರದ ಲಸಿಕೆಯ ಕಾರ್ಡು ಬೇಕು. ಚುಚ್ಚುಮದ್ದು ಹಾಕಿಸಿ 10 ದಿನ ಕಳೆದ ಮೇಲೇ ಆ ಕಾರ್ಡಿಗೆ ಬೆಲೆ.

ಓ.ಆರ್. ಟಾಂಬೊ ವಿಮಾನ ನಿಲ್ದಾಣದಲ್ಲಿ ಹಗಲಲ್ಲಿ ಇಳಿದರೆ ಗೌಟ್ರೇನ್ ಎಂಬ ವೇಗದ ರೈಲು ಹಿಡಿಯಿರಿ. ದೊಡ್ಡ ಆಫೀಸು, ಹೋಟೆಲುಗಳಿರುವ ಸ್ಯಾಂಡ್‌ಟನ್ ಬಡಾವಣೆಗೆ ಸುಮಾರು 15 ನಿಮಿಷ. ಪ್ರಿಟೋರಿಯಾಕ್ಕಾದರೆ ಮಾರ್ಲ್‌ಬರೊ ನಿಲ್ದಾಣದಲ್ಲಿ ರೈಲು ಬದಲಾಯಿಸಬೇಕು. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ನಮ್ಮ ಕಾರ್ಡುಗಳಲ್ಲಿ ವಿದೇಶದ 'ಟ್ಯಾಪ್' ಬಂದ್ ಆಗಿರುತ್ತದೆ, ಮನೆಯಲ್ಲಿದ್ದಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಚೂಯಿಂಗ್ ಗಮ್ ಕೂಡ ಇಲ್ಲ. ರಾತ್ರಿ ಒಂಬತ್ತರ ಮೇಲೆ ರೈಲನ್ನು ನೆಚ್ಚಬೇಡಿ. ಹೋಟೆಲಿನವರಿಗೇ ಮೊದಲು ಹೇಳಿ ಕಾರು ಕರೆಸಿಕೊಳ್ಳಿ.

ಈಗ ಕಾರು. ಚೀಲಗಳನ್ನು ಡಿಕ್ಕಿಗೆ ಹಾಕುವುದು ಹೊರಡುವ ಜಾಗದಲ್ಲಿ, ತಲುಪಿದ ಜಾಗದಲ್ಲಲ್ಲ. ಪಾರ್ಕಿಂಗಿಗೆ ಬಂದು ಡಿಕ್ಕಿ ತೆರೆದು ಬ್ಯಾಗು ತುರುಕಿದರೆ ನೋಡುವವರು ನೋಡಿರುತ್ತಾರೆ. ಇನ್ನೊಂದು ಮೋಸ ಹೀಗೆ: ನೀವು ರಿಮೋಟ್ ಒತ್ತಿ ತಿರುಗಿ ನಡೆಯುತ್ತೀರಿ. ಅಲ್ಲೇ ಎಲ್ಲೋ ನಿಂತವನು ಅದೇ ಹೊತ್ತಿಗೆ ಇನ್ನೊಂದು ರಿಮೋಟ್ ಒತ್ತಿ ನಿಮ್ಮದರ ಸಂಕೇತ ಕಾರಿಗೆ ಮುಟ್ಟದಂತೆ ಮಾಡುತ್ತಾನೆ. ಬಾಗಿಲು ಲಾಕ್ ಆಗಿರುವುದೇ ಇಲ್ಲ. ಗಾಜು ಒಡೆದಿರುವುದಿಲ್ಲ, ಬೀಗ ಮುರಿದಿರುವುದಿಲ್ಲ, ಸಾಮಾನು ಮಾತ್ರ ಮಾಯ. ಇದಕ್ಕೆ ಮದ್ದು ತುಂಬ ಸರಳ: ಲಾಕ್ ಒತ್ತಿ, 'ಟಕ್' ಸದ್ದು ಕೇಳಿ, ಹಿಡಿ ಹಿಡಿದು ಎಳೆದು ನೋಡಿ. ನಾಲ್ಕೂ ಬಾಗಿಲು, ಡಿಕ್ಕಿ ಕೂಡ. ಪ್ರತಿ ಸಲವೂ.

ಟ್ರಾಫಿಕ್ ಸಿಗ್ನಲ್ಲಿಗೆ ಅಲ್ಲಿ 'ರೋಬಾಟ್' ಅನ್ನುತ್ತಾರೆ. "ರೋಬಾಟ್ ಹತ್ತಿರ ಎಡಕ್ಕೆ ತಿರುಗಿ" ಅಂದರೆ ಗಾಬರಿಯಾಗಬೇಡಿ. ರೋಬಾಟಿನಲ್ಲಿ ನಿಂತಾಗ ಕಿಟಕಿ ಮುಚ್ಚಿರಲಿ, ಫೋನು ತೊಡೆಯ ಮೇಲೆ ಬೇಡ. ಮುಂದಿನ ಕಾರಿನ ಹಿಂಚಕ್ರ ರಸ್ತೆಗೆ ತಾಗಿರುವುದು ಕಾಣುವಷ್ಟು ಹಿಂದೆ ನಿಲ್ಲಿ, ಬೇಕಾದರೆ ಪಕ್ಕಕ್ಕೆ ತಿರುಗಿಸಿ ಹೊರಡಬಹುದು. ಕರೆಂಟಿಲ್ಲದೆ ರೋಬಾಟ್ ಕೆಟ್ಟಿದ್ದರೆ ನಾಲ್ಕೂ ಕಡೆಯವರು ಪೂರ್ತಿ ನಿಂತು, ಮೊದಲು ಬಂದವರು ಮೊದಲು ಹೋಗುತ್ತಾರೆ. ನಮ್ಮ ಹಾಗೆ ಮೂತಿ ತೂರಿಸಿದರೆ ಅಪಘಾತ ಖಂಡಿತ.

ಎಟಿಎಂ ಅನ್ನು ಮಾಲ್‌ನ ಒಳಗಿನದ್ದೇ ಬಳಸಿ. "ಸಹಾಯ ಮಾಡಲಾ?" ಅಂದವರಿಗೆ ಉತ್ತರ ಕೊಡದೆ ಕಾರ್ಡು ತೆಗೆದುಕೊಂಡು ಹೊರಟುಬಿಡಿ. ಪಾರ್ಕಿಂಗಿನಲ್ಲಿ ಹೊಳೆಯುವ ಜಾಕೆಟ್ ತೊಟ್ಟು ಕಾರು ಕಾಯುವವರು ಬೇರೆಯೇ ಜನ, ಹೊರಡುವಾಗ ಅವರಿಗೆ ಐದೋ ಹತ್ತೋ ರ‍್ಯಾಂಡ್ ಕೊಡುವುದು ರೂಢಿ. ಅದರ ಮೇಲೇ ಎಷ್ಟೋ ಸಂಸಾರ ನಡೆಯುತ್ತಿದೆ. ದಯವಿಟ್ಟು ಚೌಕಾಸಿ ಮಾಡಬೇಡಿ.

ನೋಡಲು ಒಂದೇ ದಿನ ಇದ್ದರೆ ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ ಅರ್ಧ ದಿನ ಕೊಡಿ. ಅದು ಹಳೆಯ ಜೈಲು. 1908ರಲ್ಲಿ ಗಾಂಧಿಯವರನ್ನು, 1962ರಲ್ಲಿ ಮಂಡೇಲಾರನ್ನು ಅಲ್ಲಿ ಕೂಡಿಹಾಕಿದ್ದರು. ಜೈಲಿನ ಒಂದು ಕಟ್ಟಡವನ್ನು ಕೆಡವಿ, ಅದರ ಇಟ್ಟಿಗೆಗಳನ್ನೇ ಬಳಸಿ ಅಲ್ಲೇ ಸಂವಿಧಾನ ನ್ಯಾಯಾಲಯ ಕಟ್ಟಿದ್ದಾರೆ. ಆ ಗೋಡೆಯ ಹತ್ತಿರ ಹೋಗಿ ನಿಂತು ನೋಡಿ. ಗಾಂಧಿ ಸ್ಕ್ವೇರ್‌ನಲ್ಲಿ ವಕೀಲರ ಗೌನು ತೊಟ್ಟ ಯುವಕ ಗಾಂಧಿಯ ಪ್ರತಿಮೆಯಿದೆ. ಅಲ್ಲಿಗೆ ಹಗಲಲ್ಲೇ, ಗೈಡ್ ಜೊತೆ ಹೋಗಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. 'ಪಾಪ್' ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಕೈಯಲ್ಲೇ ಮುರಿದು ತಿನ್ನುವುದು. ಜೊತೆಗೆ 'ಚಕಲಕ': ಟೊಮ್ಯಾಟೊ, ಕ್ಯಾರೆಟ್, ದಪ್ಪಮೆಣಸಿನಕಾಯಿ, ಕೆಲವೊಮ್ಮೆ ಬೀನ್ಸ್ ಕಾಳು ಹಾಕಿದ ಖಾರದ ಪಲ್ಯ. ಮುದ್ದೆ ಉಂಡು ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಪಾಪ್ ಮೇಲೆ ಮಾಂಸದ ಗ್ರೇವಿ ಸುರಿಯುವುದುಂಟು, ಬೇಡವೆಂದು ಮೊದಲೇ ಹೇಳಿ.

ಈಗ ಫೋನ್ ತೆಗೆದು ಬರೆದುಕೊಳ್ಳಿ: ಪೊಲೀಸರಿಗೆ 10111, ಆಂಬುಲೆನ್ಸಿಗೆ 10177, ಮೊಬೈಲಿನಿಂದ ಎರಡಕ್ಕೂ 112. ಪ್ರವಾಸ ವಿಮೆಯ ಪಾಲಿಸಿ ನಂಬರನ್ನು ಇದರ ಕೆಳಗೇ ಬರೆದಿಡಿ, ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.

ಏನಾದರೂ ಕೇಳುವುದಿದ್ದರೆ ಕೇಳಿ.