ಜಾಲಾರಿ ಮರದ ಅರಗಿನ ಹುಳ: ಇದನ್ನ ಗುರುತಿಸೋದು ಹೇಗೆ?

ಈ ಕೊಂಬೆ ಮೇಲೆ ಕೆಂಗಂದು ಹೆಪ್ಪು ಕಟ್ಟಿದೆಯಲ್ಲ, ಮರದ ಅಂಟು ಅಂದ್ಕೋಬೇಡಿ. ಒಳಗೆ ಹುಳ ಇದಾವೆ, ಒಂದಕ್ಕೊಂದು ಒತ್ತಿಕೊಂಡು ಕೂತಿರೋ ಹೆಣ್ಣುಗಳು. ಅವು ಮೈಯಿಂದ ಸುರಿಸಿದ ರಾಳವೇ ನಮ್ಮ ಅರಗು. ಚನ್ನಪಟ್ಟಣದ ಬೊಂಬೆ ಮಿಂಚೋದು ಇದರಿಂದಲೇ.

ಕ್ಯಾಮೆರಾ ಇನ್ನೂ ಹತ್ತಿರ ತರ್ತೀನಿ. ಬಿಳಿ ಎಳೆಗಳು ಕಾಣ್ತಾ ಇದಾವಾ? ಪ್ರತಿ ಗೂಡಿಗೂ ಮೂರು ತೂತು. ಎರಡು ಉಸಿರಾಡೋಕೆ, ಮೂರನೇದು ಹಿಂಬದಿಯದು. ಸಿಹಿ ಅಂಟುರಸ ಹೊರಗೆ ಬರೋದು ಅಲ್ಲಿಂದ, ಮುಂದೆ ಮರಿಗಳು ಹೊರಡೋದೂ ಅಲ್ಲಿಂದ. ಇರುವೆ ಸಾಲು ಹಿಡಿದಿರೋದು ಆ ರಸಕ್ಕೇ. ಮೇಣದ ಈ ಎಳೆಗಳು ತೂತು ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ತವೆ. ಎಳೆ ಇದ್ರೆ ಒಳಗಿನ ಹುಳಕ್ಕೆ ಜೀವ ಇದೆ ಅಂತ ಲೆಕ್ಕ. ಒಂದನ್ನ ಉಗುರಿಂದ ಚಿವುಟಿದೆ, ಪಾಪ, ಬೆರಳೆಲ್ಲ ಕೆಂಪು. ಹಿಂದೆ ರೇಷ್ಮೆ, ಉಣ್ಣೆಗೆ ಹಾಕ್ತಿದ್ದ ಅರಗಿನ ಬಣ್ಣ ಇದೇ.

ಮರಿಗೆ ಕಾಲಿರುತ್ತೆ. ಅರ್ಧ ಮಿಲಿಮೀಟರ್ ಮೈ ಹೊತ್ತು ಎಳೆ ಚಿಗುರು ಹುಡುಕಿ, ಸೊಂಡಿಲು ಚುಚ್ಚಿ ಕೂತ್ರೆ ಮುಗೀತು. ಪೊರೆ ಬಿಟ್ಟಾಗ ಕಾಲೂ ಹೋಗುತ್ತೆ, ಹೆಣ್ಣು ಸಾಯೋವರೆಗೂ ಅಲ್ಲೇ. ಗಂಡಿನ ಗೂಡು ಉದ್ದಕ್ಕಿರುತ್ತೆ. ದೊಡ್ಡದಾದ ಗಂಡಿಗೆ ಕಾಲು ಮತ್ತೆ ಬರುತ್ತೆ, ಕೆಲವಕ್ಕೆ ರೆಕ್ಕೆನೂ. ಆದ್ರೆ ಹೊರಗೆ ಬಂದ್ಮೇಲೆ ಕೆಲವೇ ದಿನದ ಬದುಕು.

ಇನ್ನು ವರ್ಗೀಕರಣ. ತಿಗಣೆ, ಗಿಡಹೇನು ಇರೋ ಹೆಮಿಪ್ಟೆರಾ ಗಣದಲ್ಲೇ ಇದೂ ಇದೆ. ಕುಟುಂಬ ಕೆರ್ರಿಡೇ. 1781ರಲ್ಲಿ ಪಾಟ್ನಾದ ಜೇಮ್ಸ್ ಕೆರ್ ಬರೆದ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆಗಿನ ಹೆಸರು ಕಾಕಸ್ ಲಕ್ಕಾ. ಆಮೇಲೆ ಟಕಾರ್ಡಿಯಾ, ಲ್ಯಾಸಿಫರ್ ಅಂತೆಲ್ಲ ಆಗಿ, ಈಗ ಕೆರ್ ಹೆಸರಲ್ಲೇ ಕೆರ್ರಿಯಾ ಲಕ್ಕಾ.

ಪ್ರಭೇದ ಗುರುತಿಸೋಕೆ ಈ ಹೆಪ್ಪು ನೋಡಿದ್ರೆ ಸಾಲದು. ಆಲ್ಕೋಹಾಲ್‌ನಲ್ಲಿ ರಾಳ ಕರಗಿಸಿ, ಹೆಣ್ಣನ್ನ ಹೊರಗೆ ತೆಗೆದು, ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು. ಕಾಲಿಲ್ಲದ ಚೀಲದಂಥ ಮೈ, ಉಸಿರುರಂಧ್ರದ ಪಕ್ಕ ಕೊಳವೆಯಂಥ ಎರಡು ಚಾಚು, ಬೆನ್ನ ಮೇಲೊಂದು ಮುಳ್ಳು. ಆ ಮುಳ್ಳು ಇಡೀ ಕುಟುಂಬದ ಗುರುತು. ಪ್ರಭೇದ ಬೇರೆನಾ ಅಂತ ಹೇಳೋಕೆ ಇವುಗಳ ಆಕಾರ, ಅಳತೆ ಹೋಲಿಸ್ಬೇಕು.

ಜಾಲಾರಿ ಮೇಲಿನ ನಮ್ಮ ಹುಳಕ್ಕೆ 1923ರಲ್ಲಿ ಮಹ್ದಿಹಸನ್ ಅನ್ನೋ ವಿಜ್ಞಾನಿ 'ಮೈಸೊರೆನ್ಸಿಸ್' ಅಂತ ಹೆಸರಿಟ್ರು. ಉತ್ತರದ ಹುಳಗಳು ವರ್ಷಕ್ಕೆ ಎರಡು ಪೀಳಿಗೆ ಮುಗಿಸಿದ್ರೆ ಇದು ಸುಮಾರು 13 ತಿಂಗಳಲ್ಲಿ ಮೂರು ಮುಗಿಸುತ್ತೆ. ಹಾಗಾದ್ರೆ ಬೇರೆ ಪ್ರಭೇದ ಅಂದುಬಿಡಬಹುದಲ್ವಾ? ಊರಭಿಮಾನಕ್ಕೆ ನಂಗೂ ಹಾಗೇ ಅನ್ಸುತ್ತೆ. ಆದ್ರೆ ಉತ್ತರದಲ್ಲೂ ಮುತ್ತುಗ, ಬೋರೆ ಮೇಲಿನ ರಂಗೀನಿ, ಕುಸುಮ್ ಮರದ ಕುಸುಮಿ ಅಂತ ಎರಡು ಬಗೆ ಇದಾವೆ. ಮರ ಬೇರೆ, ಕೊಯ್ಲಿನ ತಿಂಗಳೂ ಬೇರೆ, ಪ್ರಭೇದ ಮಾತ್ರ ಒಂದೇ. ಅದಕ್ಕೇ ನಮ್ಮದನ್ನ ಉಪಪ್ರಭೇದ ಅಂತ ಇಟ್ಕೊಂಡಿರೋದು ನಂಗೆ ಸರಿ ಕಾಣುತ್ತೆ. ವಿಡಿಯೊ ಕೆಳಗೆ ಮೂರು ಪದದ ಹೆಸರೇ ಹಾಕಿದ್ದೀನಿ: ಕೆರ್ರಿಯಾ ಲಕ್ಕಾ ಮೈಸೊರೆನ್ಸಿಸ್.