ಅಲೆ ಒಡೆಯದ ಜಾಗಕ್ಕೆ ಮಗುವನ್ನು ಇಳಿಸಬೇಡಿ: ಬೀಚ್‌ಗೆ ಹೊರಟ ಕುಟುಂಬಗಳಿಗೆ

[ದೃಶ್ಯ: ಮೇಲಿನಿಂದ ಕಂಡ ಕಡಲತೀರ. ಎರಡೂ ಬದಿ ಬಿಳಿ ನೊರೆ, ನಡುವೆ ಗಾಢ ಬಣ್ಣದ ಪಟ್ಟಿ.]

ಈ ಚಿತ್ರ ಒಮ್ಮೆ ಸರಿಯಾಗಿ ನೋಡಿ. ಎಡಕ್ಕೂ ಬಲಕ್ಕೂ ಅಲೆ ಒಡೆದು ನೊರೆ ಬರ್ತಿದೆ. ನಡುವೆ ನೀರು ಶಾಂತವಾಗಿದೆ. ಮಗುವನ್ನು ಎಲ್ಲಿ ಇಳಿಸ್ತೀರಿ? ಘಟ್ಟದ ಮೇಲಿಂದ ಬಂದವರು ಸಾಮಾನ್ಯವಾಗಿ ಆ ನಡುವಿನ ಜಾಗವನ್ನೇ ತೋರಿಸ್ತಾರೆ. ಈ ಇಡೀ ದಡದಲ್ಲಿ ಇಳಿಯಲೇಬಾರದ ಜಾಗ ಅದು.

ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ಲ. ನೀರಿನಡಿಯ ಮರಳದಿಬ್ಬ ಎಲ್ಲಿ ತಗ್ಗಿದೆಯೋ ಅಲ್ಲಿ ಕಾಲುವೆ ಮಾಡಿಕೊಂಡು ಅದು ಕಡಲಿಗೆ ಓಡುತ್ತೆ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯಲ್ಲ. ಇದನ್ನೇ ರಿಪ್ ಕರೆಂಟ್ ಅಂತಾರೆ. ವೇಗ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್. ಜೋರಿದ್ದಾಗ ಎರಡು ಮೀಟರನ್ನೂ ದಾಟುತ್ತೆ. ಅದಕ್ಕೆ ಎದುರಾಗಿ ಈಜಿ ಗೆಲ್ಲೋದು ಪಳಗಿದ ಈಜುಗಾರನಿಗೂ ಆಗಲ್ಲ.

ಸುದ್ದಿಯಲ್ಲಿ ‘ಸುಳಿಗೆ ಸಿಲುಕಿ ಸಾವು’ ಅಂತ ಬರುತ್ತೆ. ಆದರೆ ಇದು ಸುಳಿ ಅಲ್ಲ. ಕೆಳಕ್ಕೆ ಎಳೆಯಲ್ಲ, ಹೊರಕ್ಕೆ ಒಯ್ಯುತ್ತೆ. ಜನ ಮುಳುಗೋದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ.

[ದೃಶ್ಯ: ರೇಖಾಚಿತ್ರ. ದಡಕ್ಕೆ ಸಮಾನಾಂತರವಾಗಿ ಬಾಣದ ಗುರುತು.]

ಸಿಕ್ಕಿಬಿದ್ದರೆ ಮೊದಲು ಬೆನ್ನ ಮೇಲೆ ಮಲಗಿ ತೇಲಿ, ಉಸಿರು ಹಿಡಿತಕ್ಕೆ ತನ್ನಿ. ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡದ ಉದ್ದಕ್ಕೆ, ಅಂದರೆ ಪಕ್ಕಕ್ಕೆ ಈಜಿ. ಅಲೆ ಒಡೆಯುವ ಜಾಗ ಸಿಕ್ಕಿದ ಮೇಲೆ ಆ ಅಲೆಗಳ ಜೊತೆಯಲ್ಲೇ ಓರೆಯಾಗಿ ದಡಕ್ಕೆ ಬನ್ನಿ. ಈಜು ಬರದಿದ್ದರೆ ತೇಲುವುದೊಂದನ್ನೇ ಮಾಡಿ.

ಆದ್ದರಿಂದ ತಲುಪಿದ ಕೂಡಲೇ ನೀರಿಗೆ ಓಡಬೇಡಿ. ಹತ್ತು ನಿಮಿಷ ಸ್ವಲ್ಪ ಎತ್ತರದಲ್ಲಿ ನಿಂತು ನೋಡಿ. ನೊರೆ, ಕಸ, ಕದಡಿದ ಮರಳು ಯಾವ ಪಟ್ಟಿಯಲ್ಲಿ ಹೊರಕ್ಕೆ ಹೋಗ್ತಿದೆ ಗಮನಿಸಿ. ಮರಳದಿಬ್ಬ ಜಾಗ ಬದಲಿಸುತ್ತೆ, ಹೋದ ವರ್ಷ ಆಡಿದ ಜಾಗ ಈ ವರ್ಷ ಹಾಗೇ ಇರಲ್ಲ. ಕಲ್ಲಿನ ತಡೆಗೋಡೆಗಳ ಪಕ್ಕ ಮತ್ತು ನದಿ ಸಮುದ್ರ ಸೇರುವ ಅಳಿವೆ ಬಾಯಿಯಿಂದ ಮಾತ್ರ ಯಾವತ್ತೂ ದೂರ ಇರಿ. ಇಳಿತದ ಹೊತ್ತಿನಲ್ಲಿ, ಅಂದರೆ ಕಡಲ ನೀರು ಹಿಂದಕ್ಕೆ ಸರಿಯುವಾಗ, ಅಳಿವೆಯ ಸೆಳೆತ ತುಂಬಾ ಜಾಸ್ತಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇನ್ನೂ ಜಾಸ್ತಿ.

ಕೆಂಪು-ಹಳದಿ ಬಾವುಟಗಳ ನಡುವೆ ಇಳಿಯಬಹುದು, ಅಲ್ಲಿ ಲೈಫ್‌ಗಾರ್ಡ್ ಕಣ್ಣಿರುತ್ತೆ. ಬರೀ ಕೆಂಪು ಬಾವುಟ ಇದ್ದರೆ ಪಾದ ನೆನೆಸೋದೂ ಬೇಡ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿಯಂಥ ಬೀಚ್ ಒಳ್ಳೆಯದು. 2020ರಲ್ಲಿ ಎರಡಕ್ಕೂ ಬ್ಲೂ ಫ್ಲ್ಯಾಗ್ ಅನ್ನೋ, ಸ್ವಚ್ಛ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು, ಸುರಕ್ಷತೆಯ ವ್ಯವಸ್ಥೆ ಅದರ ಷರತ್ತುಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಎಲ್ಲೂ ನೀರಿಗೆ ಇಳಿಯುವ ಮಾತೇ ಇಲ್ಲ. ಹಾಗಂತ ಮಳೆಗಾಲ ಮುಗಿದರೆ ಅಪಾಯ ಮುಗಿಯಿತು ಅಂದುಕೊಳ್ಳಬೇಡಿ. ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಸಮುದ್ರ ಸೆಳೆದುಕೊಂಡಿದ್ದು 2024ರ ಡಿಸೆಂಬರ್‌ನಲ್ಲಿ.

[ದೃಶ್ಯ: ಮಗು ಮೊಣಕಾಲುದ್ದ ನೀರಿನಲ್ಲಿ, ದೊಡ್ಡವರು ಸಮುದ್ರದ ಬದಿಗೆ.]

ಮಕ್ಕಳಿಗೆ ನೀವು ಕೈಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು, ಸಮುದ್ರದ ಬದಿಗೆ ನೀವು ನಿಂತಿರಬೇಕು. ‘ಎಲ್ಲರೂ ನೋಡ್ತಿದ್ದಾರೆ’ ಅಂದರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ. ಹೆಸರು ಹೇಳಿ ಒಬ್ಬರಿಗೆ ಹದಿನೈದು ನಿಮಿಷ ಒಪ್ಪಿಸಿ, ಆ ಹೊತ್ತು ಅವರ ಕೈಯಲ್ಲಿ ಮೊಬೈಲ್ ಬೇಡ. ಮುಳುಗುವ ಮಗು ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಉಸಿರಿಗೇ ಒದ್ದಾಟ, ಕೂಗಲು ಉಸಿರೆಲ್ಲಿ? ಒಂದು ನಿಮಿಷದೊಳಗೆ ಮುಗಿದುಹೋಗಬಹುದು.

ಗಾಳಿ ತುಂಬಿದ ಟ್ಯೂಬ್ ಲೈಫ್ ಜಾಕೆಟ್ ಅಲ್ಲ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಟ್ಯೂಬನ್ನೂ ಮಗುವನ್ನೂ ಒಟ್ಟಿಗೆ ಹೊರಕ್ಕೆ ತಳ್ಳುತ್ತೆ. ಸೀರೆ, ದುಪಟ್ಟಾ ಕಾಲಿಗೆ ಸುತ್ತಿಕೊಳ್ಳುತ್ತೆ, ಜೀನ್ಸ್ ನೆನೆದು ಭಾರವಾಗುತ್ತೆ. ಮೈಗೆ ಅಂಟುವ ಹಗುರ ಬಟ್ಟೆ ಹಾಕಿ.

ಯಾರಾದರೂ ಸಿಕ್ಕಿಬಿದ್ದಾಗ ಅಣ್ಣ, ಅಪ್ಪ, ಮಾವ ಒಬ್ಬರ ಹಿಂದೆ ಒಬ್ಬರು ಹಾರುತ್ತಾರೆ. ಒಂದೇ ಮನೆಯಲ್ಲಿ ಎರಡು ಮೂರು ಸಾವಾಗೋದು ಹೀಗೆ. ಹಾರಬೇಡಿ, ತೇಲುವುದನ್ನು ಎಸೆಯಿರಿ: ಲೈಫ್‌ಬಾಯ್ (ಜೀವ ಉಳಿಸಲು ಎಸೆಯುವ ತೇಲುವ ಬಳೆ) ಕಂಡರೆ ಅದು, ಇಲ್ಲದಿದ್ದರೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್. ಲೈಫ್‌ಗಾರ್ಡನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

[ದೃಶ್ಯ: ಬೊಂಬೆಯ ಮೇಲೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವ ತುರ್ತು ಚಿಕಿತ್ಸೆ.]

ದಡಕ್ಕೆ ತಂದವರ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗೆ ಹಿಡಿಯೋದು ಎರಡೂ ತಪ್ಪು. ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತೆ, ಅಮೂಲ್ಯ ಸಮಯವೂ ಹೋಗುತ್ತೆ. ಉಸಿರಾಟ ಇಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಮೊದಲು ಎರಡರಿಂದ ಐದು ಸಲ ಬಾಯಿಂದ ಉಸಿರು ಕೊಡಿ. ಮುಳುಗಿದವರಿಗೆ ಕಡಿಮೆಯಾಗಿರೋದು ಆಮ್ಲಜನಕ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು. ಮತ್ತೆ 30, ಮತ್ತೆ 2. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಐದು ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಆಂಬ್ಯುಲೆನ್ಸ್‌ಗೆ 108; ಅದು ಬರುವವರೆಗೆ ನಿಲ್ಲಿಸಬೇಡಿ.

ಎದ್ದು ಕೂತು ‘ಏನೂ ಆಗಿಲ್ಲ’ ಅಂದರೂ, ಮುಳುಗಿ ಕೆಮ್ಮಿದವರನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು. ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಮಗು ಹೊತ್ತಲ್ಲದ ಹೊತ್ತಲ್ಲಿ ತೂಕಡಿಸಿದರೆ, ಊರಿಗೆ ಹೊರಟ ಗಾಡಿಯನ್ನು ಹತ್ತಿರದ ಆಸ್ಪತ್ರೆಗೆ ತಿರುಗಿಸಿ.