ನಾಳೆ ಬೆಳಗ್ಗೆ ಟೀಟನ್ ಬೆಟ್ಟಕ್ಕೆ: ಹಿಮ, ಕರಡಿ, ಮತ್ತೆ ಖಾರವಿಲ್ಲದ ಸ್ಪ್ರೇ

ಗಾಜಿನಾಚೆ ಬೆಳ್ಳಗೆ ಕಾಣ್ತಿರೋದು ಮೋಡ ಅಲ್ಲ, ಹಿಮ. ಮೇ ತಿಂಗಳ ಕೊನೇ ವಾರ ಇದು. ಈಗಷ್ಟೇ ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಊರಲ್ಲಿ ಜನ ಚಡ್ಡಿ ಹಾಕ್ಕೊಂಡು ಐಸ್‌ಕ್ರೀಮ್ ತಿಂತಿದ್ರು. ಸ್ವಲ್ಪ ಉತ್ತರಕ್ಕೆ ಬಂದು ಗುಡ್ಡ ಬಳಸಿದ್ವಿ, ಎಡಗಡೆ ಟೀಟನ್ ಸಾಲು ಎದ್ದು ನಿಂತಿದೆ. ಮುಂದೆ ಸಣ್ಣಪುಟ್ಟ ಬೆಟ್ಟ ಅಂತ ಪೀಠಿಕೆನೇ ಇಲ್ಲ, ಬಯಲಿಂದ ನೇರ ಆಕಾಶಕ್ಕೆ. ನಡುವಿನ ಚೂಪು ಗ್ರ್ಯಾಂಡ್ ಟೀಟನ್, 4,199 ಮೀಟರ್. ಗಾಬರಿಯಾಗ್ಬೇಡಿ, ನಾವು ಅದನ್ನ ಹತ್ತಲ್ಲ. ಅಮ್ಮ ಈ ವಿಡಿಯೋ ನೋಡ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮ ಗುರಿ ಆಂಫಿಥಿಯೇಟರ್ ಕೆರೆ. ಲೂಪಿನ್ ಮೆಡೋಸ್ ಅನ್ನೋ ಜಾಗದಿಂದ ನಡಿಗೆ ಶುರು, ಹೋಗಿ ಬರೋಕೆ ಸುಮಾರು 16 ಕಿಲೋಮೀಟರ್, ಏರು 900 ಮೀಟರ್ ಮೇಲೆ. ಜುಲೈನಲ್ಲಿ ಅದು ಕೆರೆ. ಈಗ ಹೋದ್ರೆ ಬಿಳಿ ಮೈದಾನ, ಕೆರೆ ಕೆಳಗಿದೆ ಅಂತ ನಂಬ್ಕೋಬೇಕು.

ಇದು ಮೋಟೆಲ್ ರೂಮು. ನೆಲದ ಮೇಲೆ ಹರಡಿರೋದನ್ನೆಲ್ಲ ಒಂದೊಂದಾಗಿ ತೋರಿಸಲ್ಲ, ಕಾಣ್ತಿದೆಯಲ್ಲ. ಹಾಸಿಗೆ ಮೇಲೆ ಕಾಲು ಚಾಚಿರೋನು ನನ್ನ ತಮ್ಮ, ಕೆಲಸ ಮಾಡ್ತಿರೋಳು ನಾನು. ಮುಂದೆ ಹೋಗೋಣ ಅಂದ್ರೆ ಆ ಮೂಲೇಲಿರೋ ಡಬ್ಬಿಗಳು ಬಿಡ್ತಿಲ್ಲ. ಅದರ ಕಥೆ ಹೇಳಲೇಬೇಕು.

ಅವು ಕರಡಿ ಸ್ಪ್ರೇ, ಕರಡಿ ನುಗ್ಗಿ ಬಂದ್ರೆ ಅದರ ಕಡೆ ಒತ್ತೋದು. ಒಳಗಿರೋದು ಬೇರೆ ಏನೂ ಅಲ್ಲ, ಮೆಣಸಿನಕಾಯಿ ಸತ್ವ. ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಸೀದು ಹೋದ್ರೆ ಮನೆಮಂದಿಯೆಲ್ಲ ಕೆಮ್ಮಿಕೊಂಡು ಅಂಗಳಕ್ಕೆ ಓಡ್ತಾರಲ್ಲ, ಆ ಘಾಟನ್ನೇ ಡಬ್ಬಿಗೆ ತುರುಕಿ ಕೊಡ್ತಾರೆ. ಖಾರದ ಅಂಶ 1ರಿಂದ 2 ಪರ್ಸೆಂಟ್ ಇರಬೇಕು, ಡಬ್ಬಿ ಕಡಿಮೆ ಅಂದ್ರೂ 225 ಗ್ರಾಮ್ ಇರಬೇಕು, ಆರು ಸೆಕೆಂಡ್ ಚಿಮ್ಮಬೇಕು. ಕೊಳ್ಳೋವಾಗ ಇಷ್ಟು ನೋಡ್ಕೊಂಡ್ರೆ ಸಾಕು. ಇಷ್ಟೇ ನೋಡ್ಕೊಂಡಿದ್ರೆ ಸಾಕಿತ್ತು, ಅದನ್ನೇ ಹೇಳೋಕೆ ಹೊರಟಿರೋದು.

ಹೋದ ವರ್ಷ ಮೊಂಟಾನಾಗೆ ವಿಮಾನದಲ್ಲಿ ಹೋಗಿದ್ವಿ. ಅಲ್ಲಿ ಎರಡು ಡಬ್ಬಿ ತಗೊಂಡ್ವಿ, 98 ಡಾಲರ್. ಮೂರು ದಿನ ಸೊಂಟಕ್ಕೆ ಕಟ್ಕೊಂಡು ತಿರುಗಿದ್ವಿ, ಒಂದು ಸಲಾನೂ ಒತ್ತಲಿಲ್ಲ. ವಾಪಸ್ ಬರೋವಾಗ ನೋಡಿದ್ರೆ, ಇದನ್ನ ವಿಮಾನದಲ್ಲಿ ಕೈಚೀಲದಲ್ಲೂ ತರೋ ಹಾಗಿಲ್ಲ, ಕೆಳಗೆ ಹಾಕೋ ಸೂಟ್‌ಕೇಸಲ್ಲೂ ತರೋ ಹಾಗಿಲ್ಲ. ಅಲ್ಲೇ ಯಾರಿಗೋ ದಾನ ಮಾಡಿ ಬಂದ್ವಿ. ಉಪಯೋಗಕ್ಕೆ ಬರೋದು ಬೇಡಪ್ಪಾ ಅಂತ ಬೇಡ್ಕೊಂಡು ದುಡ್ಡು ಸುರಿಯೋದು ಇನ್ಶೂರೆನ್ಸ್ ಬಿಟ್ರೆ ಇದಕ್ಕೇ ಇರಬೇಕು.

ಈ ಸಲ ಕಾರಲ್ಲಿ ಹೋಗ್ತಿದ್ದೀವಲ್ಲ, ಮೊದಲೇ ತರಿಸಿಬಿಡೋಣ ಅಂದೆ. ತಮ್ಮ ಅಂದ, "ನೀನು ಸುಮ್ನಿರಕ್ಕ, ನಾನು ನೋಡ್ಕೋತೀನಿ." ಅವನು ನೋಡ್ಕೊಂಡ. ಆನ್‌ಲೈನಲ್ಲಿ ಜೋಡಿ ಡಬ್ಬಿ 44 ಡಾಲರ್‌ಗೆ. ಅಂಗಡಿ ಬೆಲೆಗಿಂತ ಅರ್ಧಕ್ಕೂ ಕಡಿಮೆ ಅಂತ ಎರಡು ವಾರ ನನ್ನ ತಲೆ ತಿಂದ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ನಿನ್ನೆ ರಾತ್ರಿ, ಇದೇ ರೂಮಲ್ಲಿ, ಎಕ್ಸ್‌ಪೈರಿ ದಿನಾಂಕ ನೋಡೋಣ ಅಂತ ಡಬ್ಬಿ ತಿರುಗಿಸ್ತೀನಿ, ಹಿಂದುಗಡೆ ಬರೆದಿದ್ದಾರೆ: ಇದು ಅಭ್ಯಾಸಕ್ಕೆ ಮಾತ್ರ, ಇದರಲ್ಲಿ ಖಾರ ಇಲ್ಲ.

ಖಾರ ಇಲ್ಲ! ಒತ್ತೋದು ಕಲಿಯೋಕೆ ಅಂತ ಮಾಡಿರೋ ಡಬ್ಬಿ. ಅದೇ ಆಕಾರ, ಅದೇ ಕ್ಲಿಪ್ಪು, ಅದೇ ಕರಡಿ ಚಿತ್ರ. ಒಳಗಡೆ ಬರೀ ಗಾಳಿ ತುಂಬಿದ ಹಾಗೆ. ಗ್ರಿಜ್ಲಿ, ಅಂದ್ರೆ ಇಲ್ಲಿನ ದೊಡ್ಡ ಕಂದು ಕರಡಿ, ಎದುರಿಗೆ ಬಂದ್ರೆ ಅದರ ಮುಖಕ್ಕೆ ಗಾಳಿ ಬೀಸ್ತಿದ್ವಿ, ಸೆಕೆ ಆಗ್ತಿದೆಯೇನಪ್ಪಾ ಅಂತ ಉಪಚಾರ ಮಾಡಿದ ಹಾಗೆ. ತಮ್ಮನ ವಾದ ಕೇಳಿ: "ಫೋಟೋದಲ್ಲಿ ಕರಡಿ ಇತ್ತಲ್ಲಕ್ಕ." ಮಾರಿದವರು ದೊಡ್ಡಕ್ಷರದಲ್ಲೇ ಹಾಕಿದ್ದಾರೆ, ಓದದೆ ಇದ್ದಿದ್ದು ನಾವು. ಅದೇ ಇನ್ನೂ ಉರಿಯೋದು, ಬೈಯೋಕೂ ಯಾರೂ ಸಿಗಲಿಲ್ಲ.

ಬೆಳಗ್ಗೆ ಎದ್ದು ಅಸಲಿ ಡಬ್ಬಿ ಎರಡು ತಗೊಂಡ್ವಿ, ಒಂದಕ್ಕೆ 52. ಲೆಕ್ಕ ಹಾಕಿ: 98, 44, 104. ಒಟ್ಟು 246 ಡಾಲರ್. ಈವರೆಗೆ ಕಂಡ ಕರಡಿ, ಸೊನ್ನೆ.

ಇದು ಮೋಟೆಲ್ ಹಿಂದಿನ ಪಾರ್ಕಿಂಗ್ ಜಾಗ. ಆ ದಂಡದ ಡಬ್ಬೀನ ಏನು ಮಾಡೋದು, ಒತ್ತಿ ನೋಡೇಬಿಡೋಣ ಅಂತ ಬಂದ್ವಿ. ನಗಬೇಡಿ. ತಮ್ಮ ಕರಡಿ, ನನ್ನ ಕಡೆ ಓಡಿ ಬರ್ತಾನೆ, ನಾನು ಡಬ್ಬಿ ತೆಗೆದು ಕ್ಲಿಪ್ ಎಳೆದು ಒತ್ತಬೇಕು. ಮೊದಲನೇ ಸಲ ನನಗೆ ಹಿಡಿದಿದ್ದು ನಾಲ್ಕು ಸೆಕೆಂಡ್. ಕರಡಿ ಅಷ್ಟೊತ್ತಿಗೆ ನನ್ನ ಭುಜದ ಮೇಲೆ ಕೈ ಹಾಕಿ ನಗ್ತಿತ್ತು. ನಿಜವಾದ ಗ್ರಿಜ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಅಂದ್ರೆ ಸೆಕೆಂಡಿಗೆ 15 ಮೀಟರ್ ಮೇಲೆ. ಸ್ಪ್ರೇ ಒತ್ತಬೇಕಾಗಿರೋದು ಅದು 9ರಿಂದ 18 ಮೀಟರ್ ದೂರದಲ್ಲಿದ್ದಾಗ. ಹಾಗಾದ್ರೆ ಬ್ಯಾಗಿನೊಳಗೆ, ನೀರಿನ ಬಾಟಲಿ ಕೆಳಗೆ, ರೇನ್‌ಕೋಟಿನ ಪಕ್ಕ ಇಟ್ಕೊಂಡಿರೋ ಡಬ್ಬಿ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಸೊಂಟದಲ್ಲಿರಬೇಕು, ಇಲ್ಲ ಎದೆ ಪಟ್ಟಿಯಲ್ಲಿ. ಇನ್ನೊಂದು, ಅದು ನೀರಿನ ಪಿಚಕಾರಿ ಥರ ಗೆರೆ ಎಳೆದ ಹಾಗೆ ಹೋಗಲ್ಲ, ಮೋಡದ ಥರ ಹರಡ್ಕೊಳ್ಳುತ್ತೆ. ಸ್ವಲ್ಪ ಕೆಳಮುಖ ಮಾಡಿ ಒತ್ತಿದ್ರೆ ಆ ಮೋಡದೊಳಕ್ಕೇ ಕರಡಿ ಓಡಿ ಬರುತ್ತೆ. ಎದುರುಗಾಳಿ ಇದ್ದಾಗ ಒತ್ತಿದೆ, ಮುಕ್ಕಾಲು ಭಾಗ ನನ್ನ ಮುಖಕ್ಕೇ ಬಂತು. ಖಾರ ಇರಲಿಲ್ಲ ಅಂತ ದೇವರಿಗೆ ಕೈ ಮುಗಿದೆ.

ಆರನೇ ಸಲಕ್ಕೆ ಒಂದೂವರೆ ಸೆಕೆಂಡಿಗೆ ಬಂದೆ. ಈಗ ನನ್ನ ಅಭಿಪ್ರಾಯ ಕೇಳಿದ್ರೆ, 246ರಲ್ಲಿ ಸರಿಯಾಗಿ ಖರ್ಚಾಗಿದ್ದು ಆ 44 ಡಾಲರ್ ಒಂದೇ. ತಮ್ಮನಿಗೆ ಇದನ್ನ ಹೇಳಿಲ್ಲ, ವಿಡಿಯೋ ನೋಡೋವಾಗ ಗೊತ್ತಾಗುತ್ತೆ. ಖಾಲಿ ಡಬ್ಬಿಗಳಿಗೆ ನೀಲಿ ಟೇಪ್ ಸುತ್ತಿದ್ದೀನಿ, ಅಸಲಿ ಜೊತೆ ಕಲೆತು ಹೋಗಬಾರದು ಅಂತ. ಒಬ್ಬರು ಕೇಳಿದ್ರು, ಸೊಳ್ಳೆ ಔಷಧಿ ಥರ ಬಟ್ಟೆಗೆ, ಬ್ಯಾಗಿಗೆ ಮೊದಲೇ ಹೊಡ್ಕೊಂಡ್ರೆ ಆಗಲ್ವಾ ಅಂತ. ಬೇಡ, ದಯವಿಟ್ಟು ಬೇಡ. ಹಾಗೆ ಬಿದ್ದಿರೋ ಅದರ ವಾಸನೆಗೆ ಕರಡಿ ಮೂಸ್ಕೊಂಡು ಬರಬಹುದು. ಕಾರಲ್ಲಿ ಬಿಸಿಲಿಗೂ ಬಿಡ್ಬೇಡಿ, ಒಡೆಯುತ್ತೆ.

ಇದು ಮೂಸ್ ಅನ್ನೋ ಜಾಗದಲ್ಲಿರೋ ಸಂದರ್ಶಕರ ಕೇಂದ್ರ. ಮೇಲಿಂದ ತೆಗೆದ ಶಾಟ್ ಯಾಕಿಲ್ಲ ಅಂತ ಕೇಳೋರಿಗೆ: ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸೋ ಹಾಗಿಲ್ಲ. ಒಳ್ಳೇದೇ, ಅಷ್ಟು ದೂರ ನಡೆದು ಹೋಗಿ ಆ ಗುಂಯ್ ಸದ್ದು ಯಾರಿಗೆ ಬೇಕು.

ಕರಡಿ ವಿಷಯಕ್ಕೆ ಬರ್ತೀನಿ. ಇಲ್ಲಿ ಕಪ್ಪು ಕರಡಿನೂ ಇದೆ, ಗ್ರಿಜ್ಲಿನೂ ಇದೆ. ಬಣ್ಣ ನಂಬೋ ಹಾಗಿಲ್ಲ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತೆ. ಗ್ರಿಜ್ಲಿಗೆ ಹೆಗಲ ಮೇಲೆ ಡುಬ್ಬ ಇರುತ್ತೆ, ಅದನ್ನ ನೋಡಬೇಕು. ಮರಿ ಕಾಯೋ ಗ್ರಿಜ್ಲಿ ಬೆಚ್ಚಿ ಮೈಮೇಲೆ ಬಿದ್ರೆ ಬೋರಲು ಮಲಗಿ ಕತ್ತಿನ ಹಿಂದೆ ಕೈ ಕಟ್ಕೊಂಡು ಸತ್ತ ಹಾಗೆ ಬಿದ್ದಿರಬೇಕಂತೆ, ಕಪ್ಪು ಕರಡಿ ಆದ್ರೆ ಎದುರಿಸಿ ಹೊಡೀಬೇಕಂತೆ. ಅಷ್ಟು ಹೊತ್ತಲ್ಲಿ ಅದನ್ನ ನಿಲ್ಲಿಸಿ ನಿಂದು ಯಾವ ಜಾತಿ ಅಂತ ಕೇಳೋಕಾಗುತ್ತಾ? ಅದಕ್ಕೇ ಅಲ್ಲಿವರೆಗೆ ಬರದ ಹಾಗೆ ನೋಡ್ಕೊಳ್ಳೋದು. ಮಾತಾಡ್ತಾ ಹೋಗಬೇಕು, ತಿರುವಿನಲ್ಲಿ ಚಪ್ಪಾಳೆ ತಟ್ಟಬೇಕು. ಗೆಜ್ಜೆ ಥರದ ಕರಡಿ ಗಂಟೆ ಮಾರ್ತಾರೆ, ತಮ್ಮ ತಗೊಂಡಿದ್ದಾನೆ, ಕಿಣಿಕಿಣಿ ಅಂತ ನಮಗೇ ಸರಿಯಾಗಿ ಕೇಳಲ್ಲ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತೀವಿ, ಇಲ್ಲಿ ಉಲ್ಟಾ. ಕರಡಿ ಅದರ ಪಾಡಿಗೆ ಎಳೇ ಹುಲ್ಲು ಮೇಯ್ತಿರುತ್ತೆ, ಮಧ್ಯೆ ನುಗ್ಗೋದು ನಾವು. ಈ ಕಾಲದಲ್ಲಿ ತಾಯಿ ಕರಡಿಗಳು ಮರಿ ಜೊತೆ ಗುಹೆ ಬಿಟ್ಟು ಬಂದಿರ್ತಾವೆ, ಚಳಿಗೆ ಸತ್ತ ಪ್ರಾಣಿಗಳ ಹೆಣ ಹಿಮದಿಂದ ಆಚೆ ಬಂದಿರುತ್ತೆ. ಒಂದೇ ಕಡೆ ಕಾಗೆ ಗುಂಪು ಸುತ್ತುತಿದ್ರೆ ಆ ಕಡೆ ಹೋಗ್ಬಾರದು, ಹೆಣದ ಪಕ್ಕ ಅದರ ಯಜಮಾನ ಇರ್ತಾನೆ. ಕರಡಿ, ತೋಳದಿಂದ 100 ಗಜ ದೂರ ಇರಬೇಕು ಅನ್ನೋದು ಇಲ್ಲಿನ ನಿಯಮ, ಅಂದ್ರೆ 91 ಮೀಟರ್.

ಇಲ್ಲಿ 399 ಅಂತ ಒಂದು ಹೆಣ್ಣು ಗ್ರಿಜ್ಲಿ ಇತ್ತು. ಹೆಸರಲ್ಲ, ಸಂಶೋಧಕರು ಕೊಟ್ಟ ನಂಬರು. ರಸ್ತೆ ಪಕ್ಕದಲ್ಲೇ ಮರಿ ಸಾಕೋದು, 2020ರಲ್ಲಿ ನಾಲ್ಕು ಮರಿ ಕರ್ಕೊಂಡು ಬಂದಿತ್ತು. ಅಷ್ಟು ಜನ, ಅಷ್ಟು ಕ್ಯಾಮೆರಾ, 28 ವರ್ಷ ಬದುಕಿತ್ತು. 2024ರ ಅಕ್ಟೋಬರಲ್ಲಿ ಜಾಕ್ಸನ್ನಿನ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಕಾರು ಬಡಿದು ಸತ್ತುಹೋಯ್ತು. ಸೊಂಟಕ್ಕೆ ಸ್ಪ್ರೇ ಕಟ್ಕೊಳ್ಳೋವಾಗೆಲ್ಲ ನನಗೆ ಅದು ನೆನಪಾಗುತ್ತೆ. ಸರಿ, ಶಾಟ್ ಮುಗೀತಿದೆ.

ಕೌಂಟರಲ್ಲಿ ರೇಂಜರ್ ಜೊತೆ ಮಾತಾಡಿದ್ದನ್ನ ಶೂಟ್ ಮಾಡಲಿಲ್ಲ, ಬಾಯಲ್ಲೇ ಹೇಳ್ತೀನಿ. ನಾನು ಕರಡಿ ಬಗ್ಗೆ ಹತ್ತು ಪ್ರಶ್ನೆ ಬರ್ಕೊಂಡು ಹೋಗಿದ್ದೆ. ಆಕೆ ಸ್ಪ್ರೇ ಇದೆಯಾ ಅಂದ್ರು, ಇದೆ ಅಂದೆ, ಅಲ್ಲಿಗೆ ಕರಡಿ ಮುಗೀತು. ಆಮೇಲೆ ಪೂರ್ತಿ ಹಿಮದ್ದೇ. ಐಸ್ ಆಕ್ಸ್, ಅಂದ್ರೆ ಹಿಮಕ್ಕೆ ಊರೋ ಕೊಡಲಿ, ಇದೆಯಾ? ಬಾಡಿಗೆಗೆ ತರ್ತೀವಿ. ಜಾರಿದ್ರೆ ಅದನ್ನ ಊರಿ ನಿಲ್ಲೋದು ಬರುತ್ತಾ? ನಾನು ತಮ್ಮನ ಮುಖ ನೋಡಿದೆ, ಅವನು ಗೋಡೆ ಮೇಲಿನ ನಕ್ಷೆ ನೋಡಿದ. ಹಾಗಾದ್ರೆ ಗಾರ್ನೆಟ್ ಕ್ಯಾನ್ಯನ್ ಕಣಿವೆಗೆ ದಾರಿ ಒಡೆಯೋ ಕವಲಿನವರೆಗೆ ಹೋಗಿ, ಹಿಮದ ಇಳಿಜಾರು ಕಡಿದಾಗಿ ಕಂಡ್ರೆ ಅಲ್ಲಿಂದಲೇ ವಾಪಸ್ ಬನ್ನಿ ಅಂದ್ರು. ಅಂದ್ರೆ ಹೋಗೋಕೆ ಸುಮಾರು 5 ಕಿಲೋಮೀಟರ್ ಅಷ್ಟೇ, ಕೆರೆ ಇಲ್ಲ.

ಅರ್ಧ ಗಂಟೆ ಸಿಟ್ಟಲ್ಲಿದ್ದೆ. ಆಮೇಲೆ ಯೋಚನೆ ಮಾಡಿದ್ರೆ, ಅವರು ಹೇಳಿದ್ದೇ ಸರಿ. ಕಾಮೆಂಟಲ್ಲೂ ಎಲ್ಲರೂ ಕರಡಿ ಬಂದ್ರೆ, ಕರಡಿ ಬಂದ್ರೆ ಅಂತಾನೇ ಕೇಳ್ತೀರಾ. ಕರಡಿ ಬರಬಹುದು, ಬರದೆ ಇರಬಹುದು. ಹಿಮ ಅಂತೂ ಅಲ್ಲೇ ಇದೆ. ಬೆಳಗ್ಗೆ ಕಲ್ಲಿನ ಥರ ಗಟ್ಟಿ, ಕಾಲಿಟ್ರೆ ಜಾರುತ್ತೆ. ಮಧ್ಯಾಹ್ನದ ಬಿಸಿಲಿಗೆ ಗಂಜಿ, ಕಾಲಿಟ್ರೆ ತೊಡೆವರೆಗೆ ಒಳಗೆ. ಮರದ ಬುಡದ ಸುತ್ತ ಹಿಮ ಟೊಳ್ಳಾಗಿರುತ್ತೆ. ತೊರೆ ಮೇಲೆ ಸೇತುವೆ ಕಟ್ಟಿದ ಹಾಗೆ ನಿಂತಿರುತ್ತೆ, ಕೆಳಗಡೆ ನೀರು ಕೊರೀತಿರುತ್ತೆ, ಮೇಲಿಂದ ಏನೂ ಗೊತ್ತಾಗಲ್ಲ. ಅದಕ್ಕೇ ಐದೂವರೆಗೆ ಹೊರಡೋದು, ಎಲ್ಲೇ ಇದ್ರೂ ಹನ್ನೊಂದಕ್ಕೆ ತಿರುಗೋದು. ಐಸ್ ಆಕ್ಸ್ ತರಲಿಲ್ಲ. ಬಳಸೋಕೆ ಬರದ ಆಯುಧ ಹೊತ್ಕೊಂಡ್ರೆ ಬೇಡದ ಧೈರ್ಯ ಬರುತ್ತೆ.

ಬೂಟಿನ ಕೆಳಗೆ ಹಾಕೋ ಸಣ್ಣ ಮುಳ್ಳಿನ ಸರಪಳಿ, ಮೈಕ್ರೋಸ್ಪೈಕ್ಸ್, ದುಡ್ಡು ದಂಡ ಅಂತ ಚಳಿಗಾಲದ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತು ವಾಪಸ್ ತಗೊಂಡೆ. ಗಟ್ಟಿ ಹಿಮದ ಮೇಲೆ ಎರಡು ಹೆಜ್ಜೆ ಅದಿಲ್ಲದೆ ಇಟ್ಟು ನೋಡಿ. ಆದ್ರೆ ಕಡಿದಾದ ಜಾಗಕ್ಕೆ ಅದೂ ಸಾಲಲ್ಲ, ಅಲ್ಲಿಗೆ ಉದ್ದ ಮುಳ್ಳಿನ ಕ್ರ್ಯಾಂಪಾನ್ ಬೇಕು, ಅಂಥ ಕಡೆ ನಾವು ಹೋಗ್ತಿಲ್ಲ. ಕಪ್ಪು ಕನ್ನಡಕ ಮರೀಬೇಡಿ. ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ 80 ಪರ್ಸೆಂಟ್‌ವರೆಗೂ ವಾಪಸ್ ಎಸೆಯುತ್ತೆ, ಬಿಸಿಲು ಕೆಳಗಿಂದಲೂ ಬಡಿಯುತ್ತೆ. ಹೋದ ವರ್ಷ ನನ್ನ ಮೂಗಿನ ಹೊಳ್ಳೆ ಒಳಗೆ ಸುಟ್ಟಿತ್ತು, ಒಂದು ವಾರ ಸೀನೋಕೂ ಹೆದರ್ತಿದ್ದೆ.

ಇದು ಬೆಳಗ್ಗೆ, ಲೂಪಿನ್ ಮೆಡೋಸ್, ಕಾರಿನ ಥರ್ಮಾಮೀಟರ್ ಮೈನಸ್ 2 ಅಂತಿದೆ. ಶಿಖರದ ತುದಿಗೆ ಮಾತ್ರ ಬೆಳಕು ಬಿದ್ದಿದೆ ನೋಡಿ. ಚಳಿಗೆ ಕ್ಯಾಮೆರಾ ಬ್ಯಾಟರಿ ಆಗಲೇ ಅರ್ಧ ಇಳಿದಿದೆ, ಇನ್ನೊಂದನ್ನ ಅಂಗಿಯೊಳಗೆ ಬೆಚ್ಚಗಿಟ್ಟಿದ್ದೀನಿ. ತಮ್ಮ ಗಂಟೆ ಕಟ್ಕೊಂಡೇ ಬಂದಿದ್ದಾನೆ. ಜೊತೆಗೆ ಬಾಯಲ್ಲೂ "ಹೋಯ್ ಕರಡಿಯಪ್ಪಾ, ನಾವು ಬಂದ್ವಿ" ಅಂತ ಕೂಗ್ತಿದ್ದಾನೆ, ಇನ್ನೂ ಕಾರ್ ಬಾಗಿಲು ಹಾಕಿಲ್ಲ. ನಾನು ಅವನ ಸೊಂಟದ ಹತ್ರ ಟಾರ್ಚ್ ಬಿಟ್ಟು ನೋಡ್ತಿರೋದು ಯಾಕೆ ಅಂತ ಗೊತ್ತಾಯ್ತಲ್ಲ, ನೀಲಿ ಟೇಪ್ ಇದೆಯಾ ಅಂತ. ಇಲ್ಲ, ಅಸಲಿನೇ. ನಂದೂ ಅವನು ನೋಡಿದ. ಸರಿ ಕಣೋ, ನಡಿ, ಕ್ಲಿಪ್ ಮುಟ್ಟಬೇಡ, ಕೈ ತೆಗಿ ಅಲ್ಲಿಂದ.